ಔಷಧಿ ಅಂಗಡಿಗೆ ಹೋಗುವ ಮುನ್ನ ಹೊಲದಲ್ಲಿ ಹನ್ನೊಂದು ಗುಂಡಿ ತೆಗೆಯಿರಿ

ಮೇವಿನ ಬೆಳೆಯ ಗೊಣ್ಣೆ ಹುಳುವನ್ನು ಗುರುತಿಸುವುದು ಮತ್ತು ಎಣಿಸುವುದು ಹೇಗೆ?



ಮಳೆ ಸಕಾಲಕ್ಕೆ ಬಂದಿದೆ, ಗೊಬ್ಬರವನ್ನೂ ಹಾಕಿದ್ದೀರಿ. ಆದರೂ ಆಗಸ್ಟ್ ಹೊತ್ತಿಗೆ ನಿಮ್ಮ ಮೇವಿನ ಜೋಳದ ತಾಕಿನಲ್ಲಿ ಅಲ್ಲಲ್ಲಿ ಪೈರು ಹಳದಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲೆ ಸೊರಗುತ್ತದೆ, ಬೆಳಗ್ಗೆ ಚೇತರಿಸಿಕೊಂಡಂತೆ ಕಾಣುತ್ತದೆ. ನೀರು ಸಾಲದು ಎಂದು ಒಬ್ಬರು ಹೇಳುತ್ತಾರೆ, ಯೂರಿಯಾ ಕೊಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಆ ಜಾಗದ ಗಿಡಗಳು ಒಣಗಿ ನಿಂತಿರುತ್ತವೆ. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತವೆ. ಮಣ್ಣೊಳಗೆ ಹಿಡಿದಿಡಲು ಬೇರೇ ಉಳಿದಿರುವುದಿಲ್ಲ.

ಎರಡು ಮೂರು ಹಸು ಕಟ್ಟಿರುವ ಮನೆಗೆ ಅರ್ಧ ಎಕರೆ ಹಸಿರು ಮೇವು ಕೈತಪ್ಪುವುದು ಸಣ್ಣ ನಷ್ಟವಲ್ಲ. ಕೊಂಡು ತರುವ ಮೇವು, ಹೆಚ್ಚುವರಿ ಪಶು ಆಹಾರ, ಇಳಿಯುವ ಹಾಲು ಎಲ್ಲದರ ಲೆಕ್ಕವೂ ಕೊನೆಗೆ ಬಟವಾಡೆಯ ದಿನ ಕಾಣುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹುಳು ಯಾವುದೆಂದು ನೋಡದೆ ಅಂಗಡಿಯಿಂದ ವಿಷದ ಹರಳು ತಂದು ಮೇವಿನ ಹೊಲಕ್ಕೆ ಎರಚುವುದು. ಆ ಮೇವು ಹಸುವಿನ ಬಾಯಿಗೆ ಹೋಗುತ್ತದೆ, ಹಸುವಿನ ಹಾಲು ನಮ್ಮ ಮಕ್ಕಳ ಬಾಯಿಗೆ ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಔಷಧಿಗಿಂತ ಹೆಚ್ಚಾಗಿ ನೋಡುವ ಕ್ರಮವನ್ನು ಹೇಳಿದ್ದೇವೆ. ಇದಕ್ಕೆ ಬೇಕಾದದ್ದು ಒಂದು ಸಲಿಕೆ, ಒಂದು ಖಾಲಿ ಚೀಲ ಮತ್ತು ಒಂದು ಬೆಳಗಿನ ಹೊತ್ತು.

ಮೊದಲು ಬೇರನ್ನು ನೋಡಿ

ಸೊರಗಿದ ಗಿಡಗಳೆಲ್ಲ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕಾರಣ ತಿಳಿಯುವುದು ಬೇರಿನಲ್ಲಿ. ಪೂರ್ತಿ ಸತ್ತ ಗಿಡವನ್ನು ಬಿಟ್ಟು, ಈಗಷ್ಟೇ ಬಾಡಲು ಶುರುವಾದ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆಯಿರಿ. ಸತ್ತ ಗಿಡದ ಬುಡದಿಂದ ಹುಳು ಆಗಲೇ ಪಕ್ಕದ ಗಿಡಕ್ಕೆ ಹೋಗಿರುತ್ತದೆ.

• ಬೇರು ಕಡಿದು ತಿಂದಂತಿದ್ದು, ಸಣ್ಣ ಬೇರುಗಳೆಲ್ಲ ಮಾಯವಾಗಿದ್ದರೆ ಗೊಣ್ಣೆ ಹುಳುವಿನ ಕೆಲಸ. ಇದನ್ನೇ ಕೆಲವು ಕಡೆ ಬೇರು ಹುಳು ಎನ್ನುತ್ತಾರೆ.
• ಬೇರು ಅಥವಾ ಕಾಂಡದ ಒಳಗೆ ಟೊಳ್ಳಾಗಿ ಮಣ್ಣು ತುಂಬಿದ್ದರೆ, ಮೇಲೆ ಮಣ್ಣಿನ ಹೊದಿಕೆ ಕಂಡರೆ ಅದು ಗೆದ್ದಲು.
• ಎಳೆಯ ಸಸಿ ನೆಲಮಟ್ಟಕ್ಕೆ ಕತ್ತರಿಸಿ ಬಿದ್ದಿದ್ದರೆ ಕಾಂಡ ಕತ್ತರಿಸುವ ಹುಳು. ಹಗಲಿನಲ್ಲಿ ಇದು ಬುಡದ ಮಣ್ಣಿನಲ್ಲೋ ಹೆಂಟೆಯ ಕೆಳಗೋ ಸುರುಳಿ ಸುತ್ತಿ ಮಲಗಿರುತ್ತದೆ. ಬಣ್ಣ ಬೂದು ಅಥವಾ ಕಪ್ಪು.
• ಬೇರಿನ ಮೇಲೆ ಗಂಟುಗಂಟಾಗಿ ಊದಿಕೊಂಡಿದ್ದರೆ ಬೇರುಗಂಟು ಜಂತುಹುಳು. ಇದು ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಅಲಸಂದೆ, ಕುದುರೆ ಮಸಾಲೆ ಸೊಪ್ಪಿನ ಬೇರಿನಲ್ಲಿ ಇರುವ ಗಂಟುಗಳನ್ನೆಲ್ಲ ರೋಗ ಎಂದುಕೊಳ್ಳಬೇಡಿ. ಬೆರಳಿನಿಂದ ತಳ್ಳಿದರೆ ಸುಲಭವಾಗಿ ಕಳಚಿ ಬರುವ, ಒಳಗೆ ಕೆಂಪಗಿರುವ ಗಂಟುಗಳು ಸಾರಜನಕ ಕೊಡುವ ಒಳ್ಳೆಯ ಗಂಟುಗಳು.
• ಬೇರು ಕಪ್ಪಾಗಿ ಕೊಳೆತು ವಾಸನೆ ಬರುತ್ತಿದ್ದರೆ ಅದು ಹುಳುವಲ್ಲ, ಕೊಳೆ ರೋಗ. ನೀರು ನಿಲ್ಲುತ್ತಿದೆಯೇ ನೋಡಿ.

ಇವುಗಳಲ್ಲಿ ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಕೆಲಸ ಮಾಡದೇ ಇರಬಹುದು. ಬೇರನ್ನು ನೋಡದೆ ಮಾಡಿದ ಖರ್ಚು ಅಷ್ಟೂ ಮಣ್ಣುಪಾಲು.

ಗೊಣ್ಣೆ ಹುಳುವಿನ ಒಂದು ವರ್ಷ

ಗೊಣ್ಣೆ ಹುಳು ಒಂದು ದುಂಬಿಯ ಮರಿ. ನಮ್ಮ ಬಯಲುಸೀಮೆಯಲ್ಲಿ ಕಬ್ಬು, ಮುಸುಕಿನ ಜೋಳ, ಶೇಂಗಾ, ಅರಿಶಿನ ಮುಂತಾದವುಗಳ ಬೇರು ತಿನ್ನುವ ಮುಖ್ಯ ಜಾತಿಗೆ ವರ್ಷಕ್ಕೆ ಒಂದೇ ಪೀಳಿಗೆ. ಅದರ ವರ್ಷದ ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಬೇಸಿಗೆಯ ಕೊನೆಗೆ, ಮುಂಗಾರು ಪೂರ್ವದ ಒಂದು ಹದ ಮಳೆ ಬಿದ್ದ ಮೇಲೆ, ಮಣ್ಣಿನಲ್ಲಿ ಅಡಗಿದ್ದ ಕಂದು ಬಣ್ಣದ ದುಂಬಿಗಳು ಸಂಜೆಗತ್ತಲಲ್ಲಿ ಹೊರಬರುತ್ತವೆ. ಬದುವಿನ ಬೇವು, ಜಾಲಿ, ಎಲಚಿ, ನುಗ್ಗೆಯಂತಹ ಮರಗಳ ಮೇಲೆ ಕುಳಿತು ಎಲೆ ತಿಂದು, ಜೊತೆಗೂಡಿ, ಬೆಳಕು ಹರಿಯುವ ಮುನ್ನ ಮತ್ತೆ ಮಣ್ಣು ಸೇರುತ್ತವೆ. ಹೆಣ್ಣು ದುಂಬಿ ಹಸಿ ಮಣ್ಣಿನಲ್ಲಿ ಬಿಳಿಯ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಮರಿ ಹೊರಬಂದ ಹೊಸತರಲ್ಲಿ ಮಣ್ಣಿನಲ್ಲಿರುವ ಕೊಳೆತ ವಸ್ತು ಮತ್ತು ನವಿರು ಬೇರುಗಳನ್ನು ತಿನ್ನುತ್ತದೆ. ಎರಡು ಸಲ ಪೊರೆ ಬಿಟ್ಟು ಮೂರನೇ ಹಂತಕ್ಕೆ ಬಂದಾಗ ಕಿರುಬೆರಳಿನಷ್ಟು ದಪ್ಪವಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಾಣುವ ದೊಡ್ಡ ಹಾನಿ ಈ ಹಂತದ್ದು. ಆಮೇಲೆ ಹುಳು ಆಳಕ್ಕಿಳಿದು, ಮಣ್ಣಿನ ಗೂಡು ಮಾಡಿ ಕೋಶವಾಗುತ್ತದೆ. ಕೋಶದಿಂದ ಬಂದ ದುಂಬಿ ಮುಂದಿನ ಮಳೆಯವರೆಗೂ ಒಳಗೇ ಕಾಯುತ್ತದೆ.

ಇದರಿಂದ ಎರಡು ಮಾತು ಸ್ಪಷ್ಟ. ಒಂದು, ಪೈರು ಒಣಗುವುದು ಕಣ್ಣಿಗೆ ಬೀಳುವ ಹೊತ್ತಿಗೆ ಹುಳು ಬಲಿತಿರುತ್ತದೆ. ಬಲಿತ ಹುಳುವಿಗೆ ಯಾವ ಔಷಧಿಯೂ ಸುಲಭವಾಗಿ ತಾಗದು. ಎರಡು, ಈ ವರ್ಷ ಹೊಲದಲ್ಲಿ ಉಳಿದ ಹುಳುವೇ ಮುಂದಿನ ವರ್ಷದ ದುಂಬಿ. ಈಗ ಮಾಡುವ ಎಣಿಕೆ ಮುಂದಿನ ಮೇ ತಿಂಗಳಿನ ನಿರ್ಧಾರಕ್ಕೆ ಆಧಾರ.

ಮಲೆನಾಡು, ಕರಾವಳಿಯಲ್ಲಿ ಅಡಿಕೆ ತೋಟ ಇರುವವರು ಗಮನಿಸಿ. ಅಡಿಕೆಯ ಬೇರು ಹುಳು ಬೇರೆ ಜಾತಿಯದು, ಅದರ ದುಂಬಿ ಹೊರಬರುವ ಕಾಲವೂ ಬೇರೆ. ನಿಮ್ಮ ಭಾಗದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಆ ಕಾಲವನ್ನು ಕೇಳಿ ತಿಳಿದುಕೊಳ್ಳಿ.

ತಿಪ್ಪೆಯ ಹುಳುವೇ ಬೇರೆ

"ಕೊಟ್ಟಿಗೆ ಗೊಬ್ಬರ ಹಾಕಿದ್ದರಿಂದಲೇ ಹುಳು ಬಂತು" ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. ಗೊಬ್ಬರದ ಗುಂಡಿ ತೆಗೆದಾಗ ಹೆಬ್ಬೆರಳಿಗಿಂತ ದಪ್ಪನೆಯ ಬಿಳಿ ಹುಳುಗಳು ಕಂಡರೆ ಹಾಗೆನ್ನಿಸುವುದು ಸಹಜ. ಆದರೆ ಆ ದೊಡ್ಡ ಹುಳು ಹೆಚ್ಚಾಗಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ. ತಲೆಯ ಮೇಲೆ ಕೊಂಬಿರುವ ಕರಿ ದುಂಬಿ ಎಂದರೆ ನಿಮಗೆ ಗೊತ್ತಾಗುತ್ತದೆ. ಅದರ ಮರಿ ಕೊಳೆಯುವ ಸಗಣಿ, ಕಸ, ತೆಂಗಿನ ದಿಮ್ಮಿ ತಿಂದು ಬೆಳೆಯುತ್ತದೆ. ಜೋಳದ ಬೇರು ತಿನ್ನುವುದಿಲ್ಲ. ದುಂಬಿಯಾದ ಮೇಲೆ ತೆಂಗಿಗೆ ಶತ್ರು, ಆದ್ದರಿಂದ ಗೊಬ್ಬರ ತೆಗೆಯುವಾಗ ಅದನ್ನು ಆರಿಸಿ ಕೊಲ್ಲಲೇಬೇಕು. ಆದರೆ ಮೇವಿನ ಹೊಲದ ಹಾನಿಗೆ ಅದು ಕಾರಣವಲ್ಲ.

ತಿಪ್ಪೆಯಲ್ಲಿ ಇನ್ನೊಂದು ಬಿಳಿ ಹುಳುವೂ ಇರುತ್ತದೆ. ಸಮತಟ್ಟಾದ ನೆಲದ ಮೇಲೆ ಬಿಟ್ಟರೆ ಅದು ಬೆನ್ನ ಮೇಲೆ ಮಗುಚಿಕೊಂಡು, ಕಾಲು ಮೇಲೆ ಮಾಡಿ ತೆವಳುತ್ತದೆ. ಇದು ಹೂವಿನ ಮೇಲೆ ಕೂರುವ ದುಂಬಿಗಳ ಜಾತಿ. ಇದರ ಮರಿಗೆ ಕೊಳೆತ ವಸ್ತುವೇ ಆಹಾರ, ಗೊಬ್ಬರವನ್ನು ಪುಡಿ ಮಾಡಿ ಕೊಡುತ್ತದೆ.

ಹಾಗಾದರೆ ಗೊಬ್ಬರದ ತಪ್ಪು ಏನೂ ಇಲ್ಲವೇ? ಒಂದಿದೆ. ಅರೆ ಕೊಳೆತ ಗೊಬ್ಬರ ಹೊಲಕ್ಕೆ ಹಾಕಿದರೆ ಎಳೆ ಗೊಣ್ಣೆ ಹುಳುವಿಗೂ ಗೆದ್ದಲಿಗೂ ಊಟ ಬಡಿಸಿದಂತೆ. ಚೆನ್ನಾಗಿ ಕಳಿತು, ಪುಡಿಯಾಗಿ, ಸಗಣಿ ವಾಸನೆ ಹೋದ ಗೊಬ್ಬರವನ್ನೇ ಹಾಕಿ. ಗೊಬ್ಬರಕ್ಕೆ ಹೆದರಿ ಹೊಲಕ್ಕೆ ಹಾಕುವುದನ್ನೇ ಬಿಟ್ಟರೆ ನಷ್ಟ ನಿಮಗೇ.

ಹನ್ನೊಂದು ಗುಂಡಿ ತೆಗೆಯುವ ಕ್ರಮ

ಸಂಘದಲ್ಲಿ ಹಾಲಿನ ಸ್ಯಾಂಪಲ್ ತೆಗೆಯುವುದನ್ನು ದಿನವೂ ನೋಡುತ್ತೀರಿ. ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕಿಯೇ ಸ್ಯಾಂಪಲ್ ತೆಗೆಯಬೇಕು. ಮೇಲಿನ ಕೆನೆ ಹಾಲನ್ನಷ್ಟೇ ತೆಗೆದರೆ ಫ್ಯಾಟ್ ಸುಳ್ಳು ಹೇಳುತ್ತದೆ. ಹೊಲವೂ ಹಾಗೆಯೇ. ಒಣಗಿದ ಜಾಗದಲ್ಲಿ ಮಾತ್ರ ಅಗೆದರೆ ಹೊಲವೆಲ್ಲ ಹುಳು ಎನಿಸುತ್ತದೆ, ಹಸಿರು ಜಾಗದಲ್ಲಿ ಮಾತ್ರ ಅಗೆದರೆ ಹುಳುವೇ ಇಲ್ಲ ಎನಿಸುತ್ತದೆ. ಹೊಲವನ್ನು ಕಲಕಲು ಬರುವುದಿಲ್ಲ, ಆದ್ದರಿಂದ ಗುಂಡಿಗಳನ್ನು ಹರಡಬೇಕು.

1. ಒಂದು ಮೂಲೆಯಿಂದ ಹೊರಟು ಅಂಕುಡೊಂಕಾಗಿ ಎದುರಿನ ಮೂಲೆಯವರೆಗೆ ನಡೆಯಿರಿ. ದಾರಿಯಲ್ಲಿ ಸಮ ಅಂತರದಲ್ಲಿ ಹನ್ನೊಂದು ಕಡೆ ಗುರುತು ಹಾಕಿ. ಬದುವಿನ ಮರದ ಹತ್ತಿರ ಒಂದೆರಡು ಗುಂಡಿ ಬರುವಂತೆ ನೋಡಿಕೊಳ್ಳಿ.
2. ಪ್ರತಿ ಗುರುತಿನಲ್ಲಿ ಪೈರಿನ ಸಾಲಿನ ಮೇಲೆಯೇ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆಯಿರಿ. ಇಂತಹ ಹನ್ನೊಂದು ಗುಂಡಿ ಸೇರಿದರೆ ಸರಿಸುಮಾರು ಒಂದು ಚದರ ಮೀಟರ್ ಆಗುತ್ತದೆ. ಬೇರೆ ಲೆಕ್ಕ ಬೇಕಿಲ್ಲ, ಸಿಕ್ಕ ಹುಳುಗಳ ಒಟ್ಟು ಸಂಖ್ಯೆಯೇ ಚದರ ಮೀಟರಿನ ಲೆಕ್ಕ.
3. ತೆಗೆದ ಮಣ್ಣನ್ನು ಪಶು ಆಹಾರದ ಖಾಲಿ ಚೀಲದ ಮೇಲೆ ಹರಡಿ, ಹೆಂಟೆ ಒಡೆದು, ಬೇರು ಕೊಡವಿ ನೋಡಿ. ಎಳೆಯ ಹುಳು ಅಕ್ಕಿ ಕಾಳಿನಷ್ಟು ಸಣ್ಣದಿರುವುದರಿಂದ ಅವಸರ ಬೇಡ.
4. ಪ್ರತಿ ಗುಂಡಿಯ ಸಂಖ್ಯೆಯನ್ನು ಬೇರೆ ಬೇರೆ ಬರೆಯಿರಿ. ಸಣ್ಣದು ಎಷ್ಟು, ದೊಡ್ಡದು ಎಷ್ಟು ಎಂದೂ ಬರೆಯಿರಿ. ಎರೆಹುಳು ಎಷ್ಟಿವೆ ಎಂದು ಪಕ್ಕದಲ್ಲಿ ಬರೆದರೆ ಮಣ್ಣಿನ ಆರೋಗ್ಯವೂ ತಿಳಿಯುತ್ತದೆ.
5. ನೋಡಿದ ಮೇಲೆ ಮಣ್ಣನ್ನು ಮತ್ತೆ ಗುಂಡಿಗೆ ತುಂಬಿ ಅದುಮಿ.

ಇಬ್ಬರು ಸೇರಿದರೆ ಇದು ಒಂದು ಬೆಳಗಿನ ಕೆಲಸ. ಹದ ಮಳೆಯಾಗಿ ದುಂಬಿ ಹಾರಿದ ನಾಲ್ಕೈದು ವಾರಕ್ಕೆ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಮಾಡಿ. ಮಣ್ಣು ಹಸಿಯಿದ್ದಾಗಲೇ ಅಗೆಯಿರಿ. ಮೇಲ್ಮಣ್ಣು ಒಣಗಿದರೆ ಹುಳು ಕೆಳಗಿಳಿಯುತ್ತದೆ, ನೀವು ಅಗೆದರೂ ಸಿಗುವುದಿಲ್ಲ. ಸೀಮೆಹುಲ್ಲಿನ ತಾಕನ್ನು ಮರೆಯಬೇಡಿ. ವರ್ಷಗಟ್ಟಲೆ ಉಳುಮೆ ಕಾಣದ ಜಾಗದಲ್ಲಿ ಹುಳುವಿಗೆ ನೆಮ್ಮದಿ ಹೆಚ್ಚು.

ಹಕ್ಕಿಗಳೂ ಸಮೀಕ್ಷೆ ಮಾಡುತ್ತವೆ. ಉಳುವಾಗ ಕಾಗೆ, ಗೊರವಂಕ, ಬೆಳ್ಳಕ್ಕಿಗಳು ಒಂದೇ ಜಾಗದಲ್ಲಿ ಮುತ್ತಿಕೊಂಡರೆ ಅಲ್ಲಿ ಇಳಿದು ನೋಡಿ. ಕಾಡುಹಂದಿ ರಾತ್ರಿ ನೆಲ ಕೆದಕಿದ ಜಾಗವನ್ನೂ ಒಮ್ಮೆ ಅಗೆದು ನೋಡಿ.

ಹುಳುವನ್ನು ಅಂಗೈಯಲ್ಲಿಟ್ಟು ನೋಡಿ

ಗೊಣ್ಣೆ ಹುಳು ಕಚ್ಚುವ ವಿಷಜಂತುವಲ್ಲ. ಕೈಯಲ್ಲಿ ಹಿಡಿದು ನಾಲ್ಕು ಗುರುತು ನೋಡಿ.

ಮೊದಲನೆಯದು ಮೈ. ಕೊಡಲಿಲ್ಲದ ಕುಡುಗೋಲಿನಂತೆ ಬಾಗಿರುವ ಬಿಳಿ ಮೈ, ಕಂದು ತಲೆ, ಎದೆಯ ಬಳಿ ಮೂರು ಜೊತೆ ಕಾಲು. ಕಾಲೇ ಇಲ್ಲದಿದ್ದರೆ ಅದು ನೊಣದ ಜಾತಿಯದೋ ಮೂತಿ ಹುಳುವಿನ ಜಾತಿಯದೋ ಆಗಿರುತ್ತದೆ. ಗಟ್ಟಿಯಾಗಿ, ನೇರವಾಗಿ, ಹಳದಿ ಮಿಶ್ರಿತ ಕಂದು ಬಣ್ಣದಲ್ಲಿ ತಂತಿಯಂತಿದ್ದರೆ ಅದು ತಂತಿ ಹುಳು.

ಎರಡನೆಯದು ಸಿಕ್ಕ ಜಾಗ. ಜೀವಂತ ಬೇರಿನ ಪಕ್ಕ ಸಿಕ್ಕಿತೋ, ಗೊಬ್ಬರದ ಮುದ್ದೆಯೊಳಗೆ ಸಿಕ್ಕಿತೋ ನೆನಪಿಡಿ.

ಮೂರನೆಯದು ನಡಿಗೆ. ನೆಲದ ಮೇಲೆ ಬಿಟ್ಟು ಎರಡು ನಿಮಿಷ ನೋಡಿ. ಬೆನ್ನ ಮೇಲೆ ತೆವಳಿದರೆ ಬೇರಿನ ಶತ್ರುವಲ್ಲ.

ನಾಲ್ಕನೆಯದು ಹಿಂತುದಿ. ಹುಳುವಿನ ಕೊನೆಯ ಭಾಗದ ಕೆಳಮೈಯಲ್ಲಿ ಗುದದ್ವಾರದ ಸೀಳು ಇರುತ್ತದೆ. ಬೇರು ತಿನ್ನುವ ಮುಖ್ಯ ಜಾತಿಗಳಲ್ಲಿ ಆ ಸೀಳು ಮೂರು ಕವಲಾಗಿ, ಹಕ್ಕಿಯ ಕಾಲಿನ ಗುರುತಿನಂತೆ ಕಾಣುತ್ತದೆ. ಕುರುವಾಯಿ ದುಂಬಿಯ ಮರಿಯಲ್ಲಿ ಅದು ಅಡ್ಡ ಗೆರೆಯಂತಿರುತ್ತದೆ. ಸೀಳಿನ ಮುಂದಿರುವ ಸಣ್ಣ ಮುಳ್ಳುಕೂದಲುಗಳ ಜೋಡಣೆ ಜಾತಿಯಿಂದ ಜಾತಿಗೆ ಬೇರೆ. ಕೀಟತಜ್ಞರು ಇದನ್ನೇ ನೋಡಿ ಜಾತಿ ಹೇಳುತ್ತಾರೆ. ಮೊಬೈಲಿನಲ್ಲಿ ಈ ಭಾಗದ ಚಿತ್ರವನ್ನು ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ ತೆಗೆದುಕೊಳ್ಳಿ. ಬರೀ ಬೆನ್ನಿನ ಚಿತ್ರ ಕಳಿಸಿದರೆ ಯಾರಿಗೂ ಹೇಳಲು ಆಗುವುದಿಲ್ಲ.

ಅನುಮಾನ ಉಳಿದರೆ ನಾಲ್ಕೈದು ಹುಳುಗಳನ್ನು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. ಒಂದೇ ಡಬ್ಬಿಯಲ್ಲಿ ಹಾಕಿದರೆ ಒಂದನ್ನೊಂದು ಕಚ್ಚಿ ಸಾಯಿಸುತ್ತವೆ. ಒಂದೊಂದನ್ನೂ ಬೇರೆ ಬೇರೆ ಸಣ್ಣ ಡಬ್ಬಿಯಲ್ಲಿ, ಅದೇ ಹೊಲದ ಹಸಿ ಮಣ್ಣಿನೊಂದಿಗೆ ಇಡಿ. ಡಬ್ಬಿಯ ಮೇಲೆ ಬೆಳೆ, ಊರು, ದಿನಾಂಕ ಬರೆಯಿರಿ.

ಸಂಜೆ ಬೇವಿನ ಮರದ ಕೆಳಗೆ

ಮಣ್ಣೊಳಗಿನ ಶತ್ರು ತಾನಾಗಿ ಹೊರಗೆ ಬರುವುದು ವರ್ಷದಲ್ಲಿ ಕೆಲವೇ ಸಂಜೆ. ಏಪ್ರಿಲ್‌ನಿಂದ ಜೂನ್ ನಡುವೆ ಹದ ಮಳೆ ಬಿದ್ದ ದಿನದಿಂದ ಕೆಲವು ದಿನ, ಸಂಜೆ ಹಾಲು ಹಾಕಿ ಬಂದ ಮೇಲೆ ಟಾರ್ಚ್ ಹಿಡಿದು ಬದುವಿನ ಮರಗಳ ಹತ್ತಿರ ಹೋಗಿ. ಏಳೂವರೆ, ಎಂಟು ಗಂಟೆಯ ಸುಮಾರಿಗೆ ಎಲೆ ಸದ್ದಾಗುವಷ್ಟು ದುಂಬಿ ಸೇರಿರುತ್ತವೆ. ಮರದ ಕೆಳಗೆ ಗೋಣಿಚೀಲವೋ ಟಾರ್ಪಾಲೋ ಹಾಸಿ ಕೊಂಬೆ ಅಲುಗಿಸಿ. ಬಿದ್ದ ದುಂಬಿಗಳನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿ. ಇದು ಸಮೀಕ್ಷೆಯೂ ಹೌದು, ಹತೋಟಿಯೂ ಹೌದು. ಮೊಟ್ಟೆ ಇಡುವ ಮೊದಲು ಹಿಡಿದ ಒಂದೊಂದು ಹೆಣ್ಣು ದುಂಬಿಯೂ ಹತ್ತಾರು ಹುಳುಗಳ ಲೆಕ್ಕ.

ಒಬ್ಬರೇ ಮಾಡಿದರೆ ಫಲ ಕಡಿಮೆ. ದುಂಬಿಗೆ ಬದು ಗೊತ್ತಿಲ್ಲ, ಪಕ್ಕದ ಹೊಲದಿಂದ ಹಾರಿ ಬರುತ್ತದೆ. ನಿಮ್ಮ ಹಾಲು ಉತ್ಪಾದಕರ ಸಂಘದ ಸದಸ್ಯರೆಲ್ಲ ಒಂದೇ ವಾರ ಈ ಕೆಲಸಕ್ಕೆ ಇಳಿದರೆ ಇಡೀ ಊರಿನ ಹೊಲಕ್ಕೆ ಲಾಭ. ಮೊದಲ ಹದ ಮಳೆ ಬಿದ್ದ ದಿನವೇ ಸಂಘದ ಫಲಕದಲ್ಲಿ ಒಂದು ಸಾಲು ಬರೆದು ಹಾಕುವಂತೆ ಕಾರ್ಯದರ್ಶಿಯವರಿಗೆ ಹೇಳಿ.

ಎಣಿಸಿದ ಮೇಲೆ ಏನು?

ಹನ್ನೊಂದು ಗುಂಡಿಯಲ್ಲಿ ಒಂದು ಬೇರು ತಿನ್ನುವ ಹುಳು, ಅಂದರೆ ಚದರ ಮೀಟರಿಗೆ ಒಂದು, ಎಚ್ಚರಿಕೆಯ ಮಟ್ಟ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಒಂದೂ ಸಿಗದಿದ್ದರೆ ಔಷಧಿಗೆ ಹಣ ಖರ್ಚು ಮಾಡಬೇಡಿ. ಒಂದೆರಡು ಗುಂಡಿಯಲ್ಲೇ ಎಲ್ಲ ಹುಳು ಸಿಕ್ಕಿದ್ದರೆ ಆ ಜಾಗಕ್ಕಷ್ಟೇ ಚಿಕಿತ್ಸೆ ಸಾಕು.

ಹುಳು ಸಣ್ಣದಿದ್ದಾಗ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಸುಮಾರು ಹದಿನೈದು ದಿನ ಮುಚ್ಚಿಟ್ಟು, ಮಣ್ಣು ಹಸಿಯಿದ್ದಾಗ ಹೊಲಕ್ಕೆ ಹಾಕಿ. ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ. ಗೊಬ್ಬರದ ಗುಂಡಿಗೂ ಇದನ್ನು ಬಳಸಿದರೆ ಕುರುವಾಯಿ ದುಂಬಿಯ ಮರಿಗೂ ರೋಗ ತಗಲುತ್ತದೆ. ಹುಳುವಿನೊಳಗೆ ಹೊಕ್ಕು ಕೊಲ್ಲುವ ಉಪಕಾರಿ ಜಂತುಹುಳುಗಳ ಪುಡಿಯನ್ನೂ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಅಭಿವೃದ್ಧಿಪಡಿಸಿದೆ. ನಿಮ್ಮ ಹತ್ತಿರ ಎಲ್ಲಿ ಸಿಗುತ್ತದೆ ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹುಳು ಬಲಿತಿದ್ದರೆ ಮೇವನ್ನು ಬೇಗ ಕೊಯ್ದು ಹಸುಗಳಿಗೆ ಹಾಕಿ ಅಥವಾ ರಸಮೇವು ಮಾಡಿಕೊಳ್ಳಿ. ತಕ್ಷಣ ಉಳುಮೆ ಮಾಡಿ ಹುಳುವನ್ನು ಬಿಸಿಲಿಗೂ ಹಕ್ಕಿಗೂ ಒಡ್ಡಿ. ಉತ್ತ ಹೊಲಕ್ಕೆ ಕೋಳಿ ಬಿಟ್ಟರೆ ಇನ್ನೂ ಒಳ್ಳೆಯದು.

ಹರಳು ವಿಷ ಮತ್ತು ಕೊಟ್ಟಿಗೆ

ಹಿಂದೆ ಗೊಣ್ಣೆ ಹುಳುವಿಗೆ ಬಿಎಚ್‌ಸಿ ಪುಡಿಯನ್ನು ಮಣ್ಣಿಗೆ ಬೆರೆಸುತ್ತಿದ್ದರು. ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು, ಮೇವಿನ ಮೂಲಕ ಹಾಲಿನ ಕೊಬ್ಬಿಗೆ ಸೇರುತ್ತಿತ್ತು. 1997ರಲ್ಲಿ ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಲಾಯಿತು. ಆಮೇಲೆ ಬಳಕೆಯಲ್ಲಿದ್ದ ಫೋರೇಟ್ ಹರಳನ್ನೂ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ಪೊಟ್ಟಣ ಅಟ್ಟದ ಮೇಲಿದ್ದರೆ ಅದನ್ನು ಬಳಸಬೇಡಿ, ಬೇರೆಯವರಿಗೂ ಕೊಡಬೇಡಿ. ಯಾವುದೇ ಕೀಟನಾಶಕದ ಚೀಟಿಯಲ್ಲಿ ನಿಮ್ಮ ಮೇವಿನ ಬೆಳೆಯ ಹೆಸರಿಲ್ಲದಿದ್ದರೆ ಅದು ಮೇವಿನ ಹೊಲಕ್ಕಲ್ಲ. ಹೆಸರಿದ್ದರೂ ಕೊಯ್ಲಿಗೆ ಮುನ್ನ ಎಷ್ಟು ದಿನ ಕಾಯಬೇಕೆಂದು ಬರೆದಿದೆಯೋ ಅಷ್ಟು ದಿನ ಆ ಹೊಲದ ಒಂದು ಹಿಡಿ ಹುಲ್ಲೂ ಕೊಟ್ಟಿಗೆಗೆ ಬರಬಾರದು, ಅಲ್ಲಿ ದನ ಮೇಯಿಸಲೂಬಾರದು.

ಹರಳು ತುಂಬಿದ ಬುಟ್ಟಿಯಲ್ಲಿ ಹಿಂಡಿ, ಬೂಸಾ ಹಾಕಬೇಡಿ. ಹಸು ಜೊಲ್ಲು ಸುರಿಸುತ್ತಾ, ಮೈ ನಡುಗಿಸುತ್ತಾ, ಉಸಿರಾಡಲು ಕಷ್ಟಪಡುತ್ತಿದ್ದರೆ ವಿಷ ಸೇರಿರಬಹುದು. ಮನೆಮದ್ದಿಗೆ ಹೊತ್ತು ಕಳೆಯದೆ ಕೂಡಲೇ ಪಶುವೈದ್ಯರನ್ನು ಕರೆಯಿರಿ. ಪಶು ಸಹಾಯವಾಣಿ 1962. ವಿಷದ ಪೊಟ್ಟಣವಿದ್ದರೆ ಅದನ್ನು ವೈದ್ಯರಿಗೆ ತೋರಿಸಿ.

ಹೊಲಕ್ಕೂ ಒಂದು ಪಾಸ್‌ಬುಕ್

ಪ್ರತಿ ಹಸುವಿನ ಹಾಲು ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನಿಮಗೆ ಬಾಯಿಪಾಠ. ಮೇವು ಕೊಡುವ ಹೊಲಕ್ಕೂ ಒಂದು ಪುಟ ಇಡಿ. ಮೊದಲ ಹದ ಮಳೆ ಎಂದು ಬಿತ್ತು, ದುಂಬಿ ಎಂದು ಕಂಡಿತು, ಯಾವ ಮರದಲ್ಲಿ ಹೆಚ್ಚು, ಜುಲೈನಲ್ಲಿ ಹನ್ನೊಂದು ಗುಂಡಿಗೆ ಎಷ್ಟು ಹುಳು, ಆಗಸ್ಟ್‌ನಲ್ಲಿ ಎಷ್ಟು ಎಂಬ ಐದು ಸಾಲು ಸಾಕು. ಮೂರು ವರ್ಷ ಬರೆದರೆ ಯಾವ ತಾಕಿನ ಯಾವ ಮೂಲೆಯಲ್ಲಿ ಹುಳು ಹೆಚ್ಚುತ್ತಿದೆ, ಮಾಡಿದ ಹತೋಟಿ ಫಲ ಕೊಟ್ಟಿದೆಯೇ ಎಂದು ಆ ಪುಟವೇ ಹೇಳುತ್ತದೆ. ಮುಂದಿನ ಸಲ ಕೃಷಿ ಅಧಿಕಾರಿಗಳ ಹತ್ತಿರ ಹೋಗುವಾಗ ಆ ಪುಟವನ್ನೂ ಹುಳುವಿನ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಿ ಕೇಳಬಹುದು.

ಈ ತಿಂಗಳ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ. ಊರಿನ ಒಂದು ಮೇವಿನ ಹೊಲವನ್ನು ಆರಿಸಿಕೊಂಡು ಎಲ್ಲರೂ ಸೇರಿ ಹನ್ನೊಂದು ಗುಂಡಿ ತೆಗೆದು ನೋಡಿ. ಒಮ್ಮೆ ಕೈಯಾರೆ ಮಾಡಿದರೆ ಆಮೇಲೆ ಯಾರೂ ಹೇಳಿಕೊಡಬೇಕಿಲ್ಲ.